ಸ್ಟುಡಿಯೊಗೆ ಹೊಸ ಕಂಪ್ಯೂಟರ್: ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ

2025ರ ಆಗಸ್ಟ್ ಮೊದಲ ವಾರ. ಮೇ ತಿಂಗಳಲ್ಲಿ ನಾನು ತೆಗೆದ ಮದುವೆಯೊಂದರ ಆಲ್ಬಮ್ಮನ್ನು ಆ ಮನೆಯವರು ವಾಪಸ್ ತಂದರು. ಹುಡುಗಿಯ ತಾಯಿ ಜಗಳವಾಡಲಿಲ್ಲ. ಕೈಚೀಲದಿಂದ ಆರತಕ್ಷತೆಯ ಸೀರೆ ತೆಗೆದು, ಸೆರಗನ್ನು ಆಲ್ಬಮ್ಮಿನ ಪುಟದ ಮೇಲೆ ಹಾಸಿ ನನ್ನ ಮುಖ ನೋಡಿದರು. ಸೆರಗು ಹಣ್ಣಾದ ನೇರಳೆಯ ಬಣ್ಣ. ಪುಟದಲ್ಲಿದ್ದ ಅದೇ ಸೀರೆ ಶಾಯಿನೀಲಿ.

ಆಲ್ಬಮ್ ಮುದ್ರಿಸಿದ ಲ್ಯಾಬಿಗೆ ಫೋನ್ ಮಾಡಿದೆ. ಫೈಲಿನಲ್ಲಿ ಇದ್ದದ್ದೇ ಬಂದಿದೆ ಎಂದರು. ರಾತ್ರಿ ಆ ಚಿತ್ರವನ್ನು ನನ್ನ ಫೋನಿನಲ್ಲಿ, ತಂಗಿಯ ಫೋನಿನಲ್ಲಿ, ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಮೂರರಲ್ಲೂ ನೀಲಿ. ನನ್ನ ಮಾನಿಟರಿನಲ್ಲಿ ಮಾತ್ರ ನೇರಳೆ. ಅದು ಹತ್ತು ವರ್ಷ ಹಳೆಯ, ಟಿಎನ್ ಎಂಬ ಅಗ್ಗದ ಬಗೆಯ ಪರದೆ. ಕುರ್ಚಿಯಲ್ಲಿ ಸ್ವಲ್ಪ ಕುಗ್ಗಿ ಕುಳಿತರೆ ಕಪ್ಪು ಬೂದುಬಣ್ಣವಾಗುತ್ತದೆ, ಎದ್ದು ನಿಂತರೆ ಮುಖದ ಬಣ್ಣ ತೊಳೆದಂತಾಗುತ್ತದೆ. ಅಂಥ ಪರದೆಯನ್ನು ನಂಬಿ ಸೀರೆಯ ಬಣ್ಣವನ್ನು ನಾನೇ ನೀಲಿಗೆ ತಳ್ಳಿದ್ದೆ. ಹಾಳೆಗಳನ್ನು ನನ್ನ ಖರ್ಚಿನಲ್ಲೇ ಮರುಮುದ್ರಿಸಿದೆ, 4,200 ರೂಪಾಯಿ. ಹಣಕ್ಕಿಂತ ಹೆಚ್ಚಾಗಿ, ಆ ತಾಯಿ ಸೆರಗು ಮಡಚಿ ಚೀಲಕ್ಕೆ ಹಾಕಿಕೊಂಡ ರೀತಿ ಮನಸ್ಸಿನಲ್ಲಿ ಉಳಿಯಿತು.

ಶಿರಸಿಯಲ್ಲಿ ನನ್ನದು ಸಣ್ಣ ಸ್ಟುಡಿಯೊ. ಮದುವೆ, ಉಪನಯನ, ಮಳೆಗಾಲ ಮುಗಿದ ಮೇಲೆ ಯಕ್ಷಗಾನ. ಕಂಪ್ಯೂಟರ್ 2015ರಲ್ಲಿ ಕೊಂಡದ್ದು: ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸೀರೆಯ ಪ್ರಸಂಗ ಆಗದಿದ್ದರೆ ಇನ್ನೊಂದು ವರ್ಷ ಹೇಗೋ ದೂಡುತ್ತಿದ್ದೆನೇನೋ.

ಅಂಗಡಿಗೆ ಹೋಗುವ ಮೊದಲು ಒಂದು ಸಂಜೆ ಹಳೆಯ ಯಂತ್ರದ ಪಕ್ಕ ನೋಟ್‌ಬುಕ್ ಇಟ್ಟುಕೊಂಡು ಕುಳಿತೆ. ಈ ನಾಲ್ಕು ತಿಂಗಳಲ್ಲಿ ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಅದೇ, ಒಂದು ಪೈಸೆ ಖರ್ಚಿಲ್ಲದ್ದು. ಎಲ್ಲಿ ಕಾಯುತ್ತೇನೆ, ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ (ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸ್ ಕಿಟಕಿ) ಏನು ತೋರಿಸುತ್ತಿದೆ, ಇಷ್ಟನ್ನು ಬರೆದುಕೊಂಡೆ. ನನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು, ಒಂದು ರಾ ಫೈಲ್, ಅಂದರೆ ಕ್ಯಾಮೆರಾ ಕೊಡುವ ಕಚ್ಚಾ ಚಿತ್ರ, ಸುಮಾರು 28 ಎಂಬಿ. ಎರಡು ದಿನದ ಮದುವೆಗೆ ನಾಲ್ಕು ಸಾವಿರ ಚಿತ್ರ, ಅಂದರೆ ನೂರು ಜಿಬಿಗೂ ಮೇಲೆ. ಲೈಟ್‌ರೂಮ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಒಳ್ಳೆಯವನ್ನು ಆರಿಸುವಾಗ ಒಂದು ಚಿತ್ರದಿಂದ ಮುಂದಿನದಕ್ಕೆ ಹೋಗಲು ನಾಲ್ಕೈದು ಸೆಕೆಂಡ್, ಆಗೆಲ್ಲ ಡಿಸ್ಕ್ ನೂರಕ್ಕೆ ನೂರು. ಫೋಟೊಶಾಪಿನಲ್ಲಿ ಆಲ್ಬಮ್ ಹಾಳೆ ತೆರೆದರೆ ರ್‍ಯಾಮ್ ಶೇ ತೊಂಬತ್ತು ದಾಟುತ್ತಿತ್ತು. ಪ್ರೊಸೆಸರ್ ಮಾತ್ರ ಬಹುಪಾಲು ಸಮಯ ಸುಮ್ಮನೆ ಕೂತಿರುತ್ತಿತ್ತು.

ಇನ್ನೊಂದು ಸಾಲನ್ನು ಕೆಂಪು ಶಾಯಿಯಲ್ಲಿ ಬರೆದೆ: ಡಿನಾಯ್ಸ್, ಅಂದರೆ ಮಬ್ಬು ಬೆಳಕಿನ ಚಿತ್ರದ ಮೇಲೆ ಏಳುವ ಕಾಳುಗಳನ್ನು ತೆಗೆಯುವುದು. ಯಕ್ಷಗಾನ ತೆಗೆಯುವವರಿಗೆ ಇದರ ಬೆಲೆ ಗೊತ್ತು. ರಾತ್ರಿ ಎರಡು ಗಂಟೆಗೆ, ರಂಗಸ್ಥಳದ ದೀಪದಲ್ಲಿ, ಕುಣಿಯುತ್ತಿರುವ ವೇಷವನ್ನು ಅಲುಗಾಡದಂತೆ ಹಿಡಿಯಬೇಕೆಂದರೆ ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) 6400, ಕೆಲವೊಮ್ಮೆ 12800. ಕಿರೀಟದ ಬೇಗಡೆಯ ಮಿನುಗು ಯಾವುದು, ನಾಯ್ಸ್‌ನ ಕಾಳು ಯಾವುದು ಎಂದು ಗೊತ್ತಾಗುವುದಿಲ್ಲ. ಕಣ್ಣಿನ ಸುತ್ತಲಿನ ಕಪ್ಪು ಗೆರೆಯ ಮೇಲೆ ಮರಳು ಎರಚಿದ ಹಾಗಿರುತ್ತದೆ. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮಿಗೆ ಬಂದ ಎಐ ಡಿನಾಯ್ಸ್ ಈ ಮರಳನ್ನು ತೆಗೆದು ಗೆರೆಯನ್ನು ಉಳಿಸುತ್ತದೆ. ಆದರೆ ಆ ಕೆಲಸ ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡಿನದು. ನನ್ನ ಹಳೆಯ ಯಂತ್ರ ಒಂದು ಚಿತ್ರಕ್ಕೆ 20 ನಿಮಿಷ ಎಂದು ಅಂದಾಜು ತೋರಿಸಿತು.

ಮೊದಲು ಕಡಿಮೆ ಖರ್ಚಿನ ದಾರಿ ಹಿಡಿದೆ. 480 ಜಿಬಿಯ ಸಾಟಾ ಎಸ್‌ಎಸ್‌ಡಿಗೆ (ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹ) 2,900, ಯಾರೋ ಬಳಸಿದ್ದ 8 ಜಿಬಿ ಡಿಡಿಆರ್3 ರ್‍ಯಾಮಿಗೆ 900. ವಿಂಡೋಸ್ ಮತ್ತು ಲೈಟ್‌ರೂಮ್ ಕ್ಯಾಟಲಾಗ್ ಎರಡನ್ನೂ ಎಸ್‌ಎಸ್‌ಡಿಗೆ ಹಾಕಿದೆ. ಯಂತ್ರಕ್ಕೆ ಮರುಜೀವ ಬಂತು. ಆನ್ ಆಗಲು ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಅರ್ಧ ನಿಮಿಷಕ್ಕಿಳಿಯಿತು, ಚಿತ್ರದಿಂದ ಚಿತ್ರಕ್ಕೆ ಒಂದೂವರೆ ಸೆಕೆಂಡ್. ಜೆಪೆಗ್‌ನಲ್ಲೇ ಕೆಲಸ ಮಾಡುವವರು, ಪಾಸ್‌ಪೋರ್ಟ್ ಫೋಟೊ ಮತ್ತು ಚಿಕ್ಕ ಕಾರ್ಯಕ್ರಮಗಳ ಸ್ಟುಡಿಯೊದವರು ದಯವಿಟ್ಟು ಇಲ್ಲಿಯೇ ನಿಲ್ಲಿ. ಮಿಕ್ಕ ಹಣ ಒಳ್ಳೆಯ ಮಾನಿಟರಿಗೆ ಹಾಕಿ. ನನಗೆ ಡಿನಾಯ್ಸ್ ಬೇಕಿತ್ತು. ಜೊತೆಗೆ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ನಾಲ್ಕನೇ ತಲೆಮಾರಿನ ಯಂತ್ರಕ್ಕೆ ಆ ಬಾಗಿಲೂ ಮುಚ್ಚಿತ್ತು.

ಹುಬ್ಬಳ್ಳಿಯ ಗೆಳೆಯ ಮ್ಯಾಕ್ ಮಿನಿ ತೆಗೆದುಕೋ ಎಂದು ಒಂದು ವಾರ ಬೆನ್ನು ಬಿಡಲಿಲ್ಲ. ಎಂ4 ಚಿಪ್ಪಿನ ಮಿನಿ ಭಾರತಕ್ಕೆ ಬಂದಾಗ ಅದರ ಬೆಲೆ 59,900, ಆ ಬೆಲೆಗೆ ಅದು ನಿಜಕ್ಕೂ ಒಳ್ಳೆಯ ಯಂತ್ರ. ಆದರೆ ಅದರಲ್ಲಿ 16 ಜಿಬಿ ರ್‍ಯಾಮ್, 256 ಜಿಬಿ ಜಾಗ, ಮತ್ತೆ ರ್‍ಯಾಮ್ ಹೆಚ್ಚಿಸಲು ಬರುವುದಿಲ್ಲ. ನನ್ನನ್ನು ತಡೆದದ್ದು ಇನ್ನೊಂದು ವಿಷಯ. ಆಲ್ಬಮ್ಮಿನ ಹೆಸರು, ಆಮಂತ್ರಣ, ಬ್ಯಾನರ್ ಎಲ್ಲಕ್ಕೂ ನಾನು ಹತ್ತು ವರ್ಷದಿಂದ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಫಾಂಟುಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ನೂರಾರು ಪಿಎಸ್‌ಡಿ (ಫೋಟೊಶಾಪ್) ಫೈಲುಗಳಲ್ಲಿ ಹಳೆಯ, ಯುನಿಕೋಡ್ ಅಲ್ಲದ ನುಡಿ ಅಕ್ಷರಗಳಿವೆ. ಅದನ್ನೆಲ್ಲ ಬಿಟ್ಟು ಬೇರೆ ವ್ಯವಸ್ಥೆಗೆ ಹೋಗುವ ಧೈರ್ಯ ಮದುವೆ ಸೀಜನ್ ಎದುರಿಗಿದ್ದಾಗ ನನಗಿರಲಿಲ್ಲ. ಕನ್ನಡ ಡಿಟಿಪಿ ಕೆಲಸವಿಲ್ಲದವರಿಗೆ ಈ ತೊಡಕಿಲ್ಲ, ಅವರು ಮಿನಿಯನ್ನು ಖಂಡಿತ ನೋಡಬಹುದು. ಲ್ಯಾಪ್‌ಟಾಪನ್ನು ಬೇಗನೆ ಕೈಬಿಟ್ಟೆ: ಅದೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ಕೆಲಸ ಮಾಡುತ್ತದೆ, ತಂಪಾಗಿರುತ್ತದೆ, ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಸೆಪ್ಟೆಂಬರ್ ಎರಡನೇ ವಾರ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯೊಂದರಿಂದ ಫೋನಿನಲ್ಲೇ ಕೊಟೇಶನ್ ತರಿಸಿದೆ. ರೈಜನ್ 7 7700 ಪ್ರೊಸೆಸರ್ 25,500. ಬಿ650 ಮದರ್‌ಬೋರ್ಡ್ 13,500. 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್ ಸೇರಿ 10,200. 2 ಟಿಬಿ ಎನ್‌ವಿಎಂಇ (ಸಾಟಾಗಿಂತ ವೇಗದ) ಎಸ್‌ಎಸ್‌ಡಿ 11,800. 8 ಜಿಬಿಯ ಆರ್‌ಟಿಎಕ್ಸ್ 5060 ಕಾರ್ಡ್ 28,500. 650 ವ್ಯಾಟ್ ಪವರ್ ಸಪ್ಲೈ 5,200, ಕ್ಯಾಬಿನೆಟ್ 4,300, ಹಳೆಯ ಚಿತ್ರಗಳಿಗೆ 4 ಟಿಬಿ ಹಾರ್ಡ್ ಡಿಸ್ಕ್ 9,800. 27 ಇಂಚಿನ ಐಪಿಎಸ್ (ಯಾವ ಕಡೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ) ಮಾನಿಟರ್, ಎಸ್‌ಆರ್‌ಜಿಬಿ ಎಂಬ ಮಾಮೂಲಿ ಬಣ್ಣಗಳ ಗುಂಪನ್ನು ಪೂರ್ತಿ ತೋರಿಸುವಂಥದ್ದು, 23,500. ಶೇ 18 ಜಿಎಸ್‌ಟಿ ಸೇರಿ ಒಟ್ಟು 1,32,300.

ಅಷ್ಟು ಹಣ ಕೈಯಲ್ಲಿ ಇರಲಿಲ್ಲ. ಮುದ್ರಾ ಯೋಜನೆಯ ಕಿಶೋರ್ ವರ್ಗದಲ್ಲಿ 50 ಸಾವಿರದಿಂದ 5 ಲಕ್ಷದವರೆಗೆ ಸಾಲ ಸಿಗುತ್ತದೆ. ಅರ್ಜಿ ಹಾಕಿದೆ. ಆಧಾರ್, ಪ್ಯಾನ್, ಉದ್ಯಮ್ ನೋಂದಣಿ ಪ್ರಮಾಣಪತ್ರ, ನಗರಸಭೆಯ ಟ್ರೇಡ್ ಲೈಸೆನ್ಸ್, ಅಂಗಡಿಯ ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಕೊಟೇಶನ್, ಇಷ್ಟೂ ಕೊಟ್ಟೆ. ಬಾಡಿಗೆ ಕರಾರಿನಲ್ಲಿ ಸ್ಟುಡಿಯೊದ ಹೆಸರು ಒಂದು ರೀತಿ, ಉದ್ಯಮ್ ಪತ್ರದಲ್ಲಿ ಇನ್ನೊಂದು ರೀತಿ. ಒಂದರಲ್ಲಿ ‘ಡಿಜಿಟಲ್’ ಎಂಬ ಪದ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅಷ್ಟಕ್ಕೇ ಕಡತ ಹನ್ನೆರಡು ದಿನ ನಿಂತಿತು. ಅರ್ಜಿ ಹಾಕುವ ಮೊದಲು ನಿಮ್ಮ ಎಲ್ಲ ಕಾಗದಗಳನ್ನು ಸಾಲಾಗಿ ಹರಡಿ ಅಂಗಡಿಯ ಹೆಸರು ಒಂದೇ ಥರ ಇದೆಯೇ ನೋಡಿಕೊಳ್ಳಿ. ಕೊಟೇಶನ್ ಮೇಲೆ ಅಂಗಡಿಯ ಜಿಎಸ್‌ಟಿ ಸಂಖ್ಯೆ, ಸೀಲು, ಸಹಿ, ಬ್ಯಾಂಕ್ ಖಾತೆಯ ವಿವರ ಇರಲೇಬೇಕು, ಏಕೆಂದರೆ ನನ್ನ ಸಾಲದ ಹಣವನ್ನು ಬ್ಯಾಂಕ್ ನನಗೆ ಕೊಡದೆ ನೇರ ಅಂಗಡಿಯ ಖಾತೆಗೇ ಹಾಕಿತು.

ದಸರಾ ಬಂತು, ಹೋಯಿತು. ಅಕ್ಟೋಬರ್ 14 ದಾಟಿತು, ದೀಪಾವಳಿ ಮುಗಿಯಿತು. ನವೆಂಬರ್ ಮೂರನೇ ವಾರ 1,10,000 ರೂಪಾಯಿ ಮಂಜೂರಾದ ಕರೆ ಬಂತು. ಸಂತೋಷದಿಂದ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಆ ರೇಟು ಈಗಿಲ್ಲ. ರ್‍ಯಾಮ್ ಇಪ್ಪತ್ತಮೂರು ಸಾವಿರದ ಎಂಟುನೂರು” ಎಂದ.

ಮೋಸ ಎಂದೇ ಅಂದುಕೊಂಡೆ. ಇನ್ನೂ ನಾಲ್ಕು ಕಡೆ ವಿಚಾರಿಸಿದೆ. ಎಲ್ಲ ಕಡೆ ಅದೇ ಕಥೆ, ಒಂದೆಡೆ ಇನ್ನೂ ಹೆಚ್ಚು. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ಪಿನ ಬೇಡಿಕೆ ವಿಪರೀತವಾಗಿ, ತಯಾರಕರು ಅತ್ತ ವಾಲಿದ್ದರಿಂದ ಜಗತ್ತಿನ ಎಲ್ಲೆಡೆ ರ್‍ಯಾಮ್ ಬೆಲೆ ಏರಿತ್ತು. ಡಿಸೆಂಬರ್ ಮೊದಲ ವಾರ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ಉತ್ಪನ್ನಗಳನ್ನೇ ನಿಲ್ಲಿಸುವುದಾಗಿ ಹೇಳಿದ್ದು ಓದಿದಾಗ ಅಂಗಡಿಯ ಹುಡುಗನನ್ನು ಅನುಮಾನಿಸಿದ್ದಕ್ಕೆ ಬೇಸರವಾಯಿತು. 2 ಟಿಬಿ ಎಸ್‌ಎಸ್‌ಡಿಯೂ 15,500ಕ್ಕೆ ಹೋಗಿತ್ತು. ಹಳೆಯ ಪಟ್ಟಿಯನ್ನೇ ಹಿಡಿದರೆ 1,49,600.

ಆ ರಾತ್ರಿ ನಿದ್ದೆ ಬರಲಿಲ್ಲ. ತುಳಸಿ ಮದುವೆ ಮುಗಿದಿತ್ತು, ಮದುವೆಗಳು ಶುರುವಾಗಿದ್ದವು. ಎರಡು ಮದುವೆಯ ಚಿತ್ರಗಳು ಹಳೆಯ ಯಂತ್ರದಲ್ಲಿ ಕಾದು ಕುಳಿತಿದ್ದವು. ನೋಟ್‌ಬುಕ್ ಮತ್ತೆ ತೆಗೆದೆ. ರ್‍ಯಾಮ್ 16ಕ್ಕೆ ಇಳಿಸಲೇ? ಆಗಸ್ಟ್‌ನಲ್ಲಿ 8 ಸೇರಿಸಿದ ಮೇಲೆ ಹಳೆಯದರಲ್ಲೇ 16 ಇತ್ತು, ಆಲ್ಬಮ್ ಹಾಳೆಗಳಿಗೆ ಅದೂ ಸಾಲದು ಎಂದು ಆಮೇಲೆ ಬರೆದ ನನ್ನದೇ ಕೈಬರಹ ಹೇಳುತ್ತಿತ್ತು. ಗ್ರಾಫಿಕ್ಸ್ ಕಾರ್ಡ್? ಕೆಂಪು ಶಾಯಿಯ ಸಾಲು. ಮಾನಿಟರ್? ಸೀರೆಯ ಸೆರಗು ಕಣ್ಣ ಮುಂದೆ ಬಂತು. ಉಳಿದದ್ದು ಎಸ್‌ಎಸ್‌ಡಿ. 1 ಟಿಬಿ ಸಾಕು, ಆಗಸ್ಟ್‌ನಲ್ಲಿ ಕೊಂಡ 480 ಜಿಬಿಯದನ್ನೂ ಹೊಸದಕ್ಕೆ ಸೇರಿಸಬಹುದು. 7,900ರ 1 ಟಿಬಿ ಹಾಕಿದಾಗ ಒಟ್ಟು 1,42,000ಕ್ಕೆ ಬಂತು. ಕೈಯಿಂದ ಹಾಕಬೇಕಾದದ್ದು 22,300ರಿಂದ 32,000ಕ್ಕೆ ಏರಿತು. ಆ ನೋಟ್‌ಬುಕ್ ಇಲ್ಲದಿದ್ದರೆ ಗಾಬರಿಯಲ್ಲಿ ಮೊದಲು ಮಾನಿಟರನ್ನೇ ಕಡಿಮೆ ಮಾಡುತ್ತಿದ್ದೆ, ಹೆಚ್ಚಿನವರು ಮಾಡುವುದೂ ಅದನ್ನೇ.

ಹೊಸ ಕೊಟೇಶನ್ ಎಂದರೆ ಬ್ಯಾಂಕಿನಲ್ಲಿ ಮತ್ತೆ ಟಿಪ್ಪಣಿ, ಮತ್ತೆ ಸಹಿ. ಕೊಟೇಶನ್ನಿಗೆ ಏಳೇ ದಿನದ ಅವಧಿ. ಆರನೇ ದಿನ ಮಧ್ಯಾಹ್ನ ಹಣ ಹೋಯಿತು. ಸಾಲದಲ್ಲಿ ಕೊಳ್ಳುವವರು ಮಂಜೂರಾತಿ ಖಚಿತವಾದ ದಿನವೇ ರ್‍ಯಾಮ್ ಮತ್ತು ಎಸ್‌ಎಸ್‌ಡಿಯನ್ನು ಮುಂಗಡ ಕೊಟ್ಟು ತೆಗೆದಿಡಲು ಹೇಳಿ, ಬೇರೆ ಭಾಗಗಳು ಕಾಯಬಹುದು.

ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿಳಿದೆ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಎರಡನೇ ನಿಲ್ದಾಣ ಕೃಷ್ಣರಾಜೇಂದ್ರ ಮಾರುಕಟ್ಟೆ, ಅಲ್ಲಿಂದ ಎಸ್‌.ಪಿ. ರಸ್ತೆಗೆ ನಡೆದೇ ಹೋಗಬಹುದು. ಬೇಗ ಹೋಗಿ ಪ್ರಯೋಜನವಿಲ್ಲ, ಅಂಗಡಿಗಳು ಬಾಗಿಲು ತೆರೆದು ವ್ಯಾಪಾರಕ್ಕೆ ಕೂರುವಷ್ಟರಲ್ಲಿ ಹನ್ನೊಂದಾಗುತ್ತದೆ. ಭಾನುವಾರ ಬಹಳಷ್ಟು ಮುಚ್ಚಿರುತ್ತವೆ.

ಜೋಡಣೆಯನ್ನು ಎದುರಿಗೇ ನಿಂತು ನೋಡಿದೆ. ಪ್ರತಿ ಪೆಟ್ಟಿಗೆಯ ಸೀರಿಯಲ್ ಸಂಖ್ಯೆಯನ್ನು ಬಿಲ್ಲಿನೊಂದಿಗೆ ತಾಳೆ ನೋಡಿ ಫೋನಿನಲ್ಲಿ ಚಿತ್ರ ತೆಗೆದುಕೊಂಡೆ. ವಾರಂಟಿ ಆಯಾ ಭಾಗದ ಕಂಪನಿಯದ್ದು, ಅಂಗಡಿಯದ್ದಲ್ಲ, ಹಾಗಾಗಿ ಸಂಖ್ಯೆ ಸರಿಯಿರಬೇಕು. ಮಾನಿಟರ್ ಪೆಟ್ಟಿಗೆ ತೆರೆಯಲು ಅವರಿಗೆ ಮನಸ್ಸಿರಲಿಲ್ಲ. ಪಟ್ಟು ಹಿಡಿದೆ. ಪರದೆಯ ತುಂಬ ಕಪ್ಪು ತುಂಬಿಸಿದಾಗ ಬಲಗಡೆ ಕೆಳಗೆ ಸಾಸಿವೆಗಿಂತ ಚಿಕ್ಕದಾದ ಒಂದು ಕೆಂಪು ಚುಕ್ಕೆ ಉರಿಯುತ್ತಿತ್ತು. ಒಂದು ಪಿಕ್ಸೆಲ್‌ಗೆಲ್ಲ ಬದಲಿ ಇಲ್ಲ, ಕಂಪನಿಯ ನಿಯಮ ಹಾಗಿದೆ ಎಂದರು. ಮನೆಗೆ ಒಯ್ದ ಮೇಲಾಗಿದ್ದರೆ ಆ ಮಾತೇ ಕೊನೆಯಾಗುತ್ತಿತ್ತು. ಮಾನಿಟರಿನ ಬಿಲ್ ಇನ್ನೂ ಆಗಿರಲಿಲ್ಲವಾದ್ದರಿಂದ, ಒಂದು ಗಂಟೆಯ ಮಾತುಕತೆಯ ನಂತರ, ಗೋದಾಮಿನಿಂದ ಇನ್ನೊಂದು ತರಿಸಿಕೊಟ್ಟರು. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ, ಐದು ಬಣ್ಣವನ್ನೂ ಪರದೆ ತುಂಬ ಹಾಕಿ ನೋಡದೆ ಬಿಲ್ ಮಾಡಿಸಬೇಡಿ.

ಅಲ್ಲೇ ಇನ್ನೊಂದು ಖರ್ಚು ಎದುರಾಯಿತು. ಕೊಟೇಶನ್ನಿನಲ್ಲಿ ವಿಂಡೋಸ್ ಪರವಾನಗಿಯೇ ಇರಲಿಲ್ಲ. ಕಳ್ಳ ಪ್ರತಿ ಹಾಕಿಕೊಡುತ್ತೇವೆ ಎಂದರು, ಬೇಡವೆಂದೆ. ಜನರ ಮದುವೆಯ ಚಿತ್ರಗಳು ಇರುವ ಯಂತ್ರ ಅದು. 9,800 ಕೊಟ್ಟು ಅಸಲಿ ತೆಗೆದುಕೊಂಡೆ.

ಸಾಗಿಸುವಾಗ ಗ್ರಾಫಿಕ್ಸ್ ಕಾರ್ಡನ್ನು ಕ್ಯಾಬಿನೆಟ್ಟಿನಲ್ಲಿ ಬಿಡಬೇಡಿ. ಭಾರದ ಕಾರ್ಡು ಒಂದೇ ಸ್ಲಾಟಿನಲ್ಲಿ ಅಡ್ಡಕ್ಕೆ ತೂಗಾಡುತ್ತಿರುತ್ತದೆ, ರಸ್ತೆಯ ಕುಲುಕಾಟಕ್ಕೆ ಮದರ್‌ಬೋರ್ಡಿನ ಸ್ಲಾಟೇ ಮುರಿಯಬಹುದು. ಬಿಚ್ಚಿಸಿ ಅದರ ಪೆಟ್ಟಿಗೆಯಲ್ಲೇ ಹಾಕಿಸಿದೆ. ಕ್ಯಾಬಿನೆಟ್ ತನ್ನ ಥರ್ಮೊಕೋಲ್ ಸಮೇತ ಡಿಕ್ಕಿಯಲ್ಲಿ. ಮಾನಿಟರಿಗಾಗಿ ಸ್ಲೀಪರ್ ಬಸ್ಸಿನಲ್ಲಿ ಇಬ್ಬರ ಸೀಟು ಬುಕ್ ಮಾಡಿ ಅದನ್ನು ಗೋಡೆಯ ಪಕ್ಕ ನಿಲ್ಲಿಸಿಕೊಂಡು ಮಲಗಿದೆ. ರಸ್ತೆಯ ಪ್ರತಿ ಉಬ್ಬಿಗೂ ಎಚ್ಚರವಾಯಿತು.

ಮೊದಲ ದಿನ ನಿರಾಸೆ. ಡಿನಾಯ್ಸ್ ಒತ್ತಿದರೆ ಒಂದು ಚಿತ್ರಕ್ಕೆ ಆರು ನಿಮಿಷ. ಒಂದೂವರೆ ಲಕ್ಷ ಹಾಕಿ ಇದೇನು ಎಂದು ಕೈಕಾಲು ತಣ್ಣಗಾಯಿತು. ಟಾಸ್ಕ್ ಮ್ಯಾನೇಜರಿನಲ್ಲಿ ಎರಡು ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಕಾಣುತ್ತಿದ್ದವು, ಆರ್‌ಟಿಎಕ್ಸ್ ಸುಮ್ಮನಿತ್ತು. ಈ ಪ್ರೊಸೆಸರಿನೊಳಗೇ ಒಂದು ಚಿಕ್ಕ ಗ್ರಾಫಿಕ್ಸ್ ಇದೆ. ನಾನು ಮಾನಿಟರಿನ ಕೇಬಲ್ಲನ್ನು ಮೇಲಿನ, ಮದರ್‌ಬೋರ್ಡಿನ ಸಾಕೆಟ್ಟಿಗೆ ಚುಚ್ಚಿದ್ದೆ. ಕೆಳಗಿನ, ಕಾರ್ಡಿನ ಸಾಕೆಟ್ಟಿಗೆ ಹಾಕಿ ಯಂತ್ರವನ್ನು ಮತ್ತೆ ಆನ್ ಮಾಡಿದೆ. ಅದೇ ಚಿತ್ರ, ಸುಮಾರು 15 ಸೆಕೆಂಡ್.

ಎರಡನೇ ಗಾಬರಿ ರ್‍ಯಾಮಿನದು. 6000 ವೇಗದ್ದನ್ನು ಕೊಂಡಿದ್ದೆ, ತೋರಿಸುತ್ತಿದ್ದದ್ದು 4800. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳಲ್ಲಿ) ಎಕ್ಸ್‌ಪೊ ಎಂಬುದನ್ನು ಆನ್ ಮಾಡಬೇಕು, ಅಂಗಡಿಯವರು ಮಾಡಿರಲಿಲ್ಲ. ಮಾಡಿದೆ. ಪರದೆ ಕಪ್ಪಾಯಿತು, ಬೋರ್ಡಿನ ಮೇಲೆ ಒಂದು ಕಿತ್ತಳೆ ದೀಪ ಹತ್ತಿಕೊಂಡಿತು, ಫ್ಯಾನುಗಳು ತಿರುಗುತ್ತಲೇ ಇದ್ದವು. ಎರಡು ನಿಮಿಷ, ಮೂರು ನಿಮಿಷ. ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಅಂಗಡಿಗೆ ಫೋನ್ ಮಾಡಿದೆ. “ಮುಟ್ಬೇಡಿ ಸರ್, ಅದು ಮೆಮೊರಿ ಟ್ರೇನಿಂಗ್, ಹತ್ತು ನಿಮಿಷ ಬಿಡಿ” ಎಂದ ಅದೇ ಹುಡುಗ. ಐದನೇ ನಿಮಿಷಕ್ಕೆ ಪರದೆ ಬೆಳಗಿತು. ಡಿಡಿಆರ್5 ಇರುವ ಈ ಬೋರ್ಡುಗಳಲ್ಲಿ ರ್‍ಯಾಮಿನ ಸೆಟ್ಟಿಂಗ್ ಬದಲಿಸಿದಾಗ ಬೋರ್ಡು ಅದನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಹೀಗೆ ಹೊತ್ತು ತೆಗೆದುಕೊಳ್ಳುವುದು ಸಹಜವಂತೆ. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ನಮ್ಮ ಊರಿನ ಕರೆಂಟಿನ ಮೇಲೆ ಭರವಸೆಯಿಲ್ಲದೆ 6,500ರ ಯುಪಿಎಸ್ ಇಲ್ಲೇ ಕೊಂಡೆ.

ಬಣ್ಣದ ಕೆಲಸಕ್ಕೆ ಒಂದು ಪೂರ್ತಿ ದಿನ ಕೊಟ್ಟೆ. ಹುಬ್ಬಳ್ಳಿಯ ಗೆಳೆಯ ತನ್ನ ಕ್ಯಾಲಿಬ್ರೇಟರ್ ಕಳಿಸಿದ. ಅದನ್ನು ಪರದೆಯ ಮೇಲೆ ತೂಗುಹಾಕಿದರೆ ಬಣ್ಣಗಳನ್ನು ಒಂದೊಂದಾಗಿ ಅಳೆದು ಪ್ರೊಫೈಲ್ ಬರೆದುಕೊಡುತ್ತದೆ. ಹೊಸ ಮಾನಿಟರಿನ ಬಣ್ಣ ಹೆಚ್ಚುಕಡಿಮೆ ಸರಿಯೇ ಇತ್ತು, ತಪ್ಪಿದ್ದದ್ದು ಬೆಳಕು. ಪೆಟ್ಟಿಗೆಯಿಂದ ಬಂದಾಗ 300ರ ಹತ್ತಿರ ಇದ್ದದ್ದನ್ನು 110 ಕ್ಯಾಂಡೆಲಾಗೆ (ಬೆಳಕಿನ ಅಳತೆ) ಇಳಿಸಿದೆ. ಪ್ರಿಂಟ್ ಯಾವಾಗಲೂ ಕಪ್ಪಾಗಿ ಬರುತ್ತದೆ ಎಂದು ಲ್ಯಾಬನ್ನು ದೂರುವವರು ಮೊದಲು ಇದನ್ನು ನೋಡಿಕೊಳ್ಳಿ. ಅತಿ ಬೆಳಕಿನ ಪರದೆಯಲ್ಲಿ ಚಿತ್ರ ಚೆನ್ನಾಗಿ ಕಂಡು, ಕಾಗದದ ಮೇಲೆ ಮುಖ ಕಪ್ಪಿಡುತ್ತದೆ. ತಲೆಯ ಮೇಲಿದ್ದ ನೀಲಿ ಛಾಯೆಯ ಟ್ಯೂಬ್‌ಲೈಟನ್ನೂ ಬದಲಿಸಿದೆ. ಆಮೇಲೆ ಆ ನೇರಳೆ ಸೀರೆಯ ಮೂಲ ರಾ ಫೈಲ್ ತೆರೆದೆ. ಏನನ್ನೂ ಮುಟ್ಟದ ಫೈಲಿನಲ್ಲಿ ಸೀರೆ ನೇರಳೆಯಾಗಿಯೇ ಇತ್ತು, ಮೇ ತಿಂಗಳಿಂದಲೂ.

ಡಿಸೆಂಬರ್ ಎರಡನೇ ವಾರ ಸಿದ್ದಾಪುರದ ಕಡೆ ಒಂದು ಬಯಲಾಟ ತೆಗೆದೆ. ಮುನ್ನೂರು ಚಿತ್ರಗಳನ್ನು ಆರಿಸಿ, ಡಿನಾಯ್ಸ್‌ಗೆ ಹಾಕಿ ಊಟಕ್ಕೆ ಹೋದೆ. ಒಂದೂಕಾಲು ಗಂಟೆಯಲ್ಲಿ ಮುಗಿದಿತ್ತು. ಒಂದು ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖವನ್ನು ಹಿಗ್ಗಿಸಿ ನೋಡಿದೆ. ಕೆನ್ನೆಯ ಕೆಂಪಿನ ಮೇಲೆ ಬೆವರು ಇಳಿದು ಮಾಡಿದ ಸಣ್ಣ ಗೆರೆ, ಹಣೆಯ ಬಿಳಿ ಒಣಗಿ ಬಿರುಕು ಬಿಟ್ಟ ಜಾಗ, ಬೇಗಡೆಯ ಒಂದೊಂದು ಚೂರು, ಎಲ್ಲ ಕಾಣುತ್ತಿತ್ತು. ಹತ್ತು ವರ್ಷದಿಂದ ತೆಗೆಯುತ್ತಿದ್ದ ಮುಖಗಳನ್ನು ಮೊದಲ ಸಲ ನೋಡಿದಂತಾಯಿತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಲೆಕ್ಕ ಬೇಕಾದವರಿಗೆ: ಯಂತ್ರ 1,42,000, ವಿಂಡೋಸ್ 9,800, ಯುಪಿಎಸ್ 6,500, ಒಟ್ಟು 1,58,300. ಬಸ್ಸು, ಊಟ ಬೇರೆ. ಕಂತು ತಿಂಗಳಿಗೆ 3,600 ರೂಪಾಯಿ ಚಿಲ್ಲರೆ, ಮೂರು ವರ್ಷ. ಹಳೆಯ ಹಾರ್ಡ್ ಡಿಸ್ಕ್ ಪರೀಕ್ಷಿಸಿದಾಗ ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ತಂತ್ರಾಂಶ ಹಳದಿ ಎಚ್ಚರಿಕೆ ತೋರಿಸಿತು, ಹಾಗಾಗಿ ಹತ್ತು ವರ್ಷದ ಚಿತ್ರಗಳನ್ನೆಲ್ಲ ಹೊಸ 4 ಟಿಬಿಗೆ ಇಳಿಸುತ್ತಿದ್ದೇನೆ. ಅದರ ಇನ್ನೊಂದು ಪ್ರತಿಗೆ ಹೊರಗಿನ ಡಿಸ್ಕ್ ಕೊಳ್ಳುವುದು ಬಾಕಿ ಇದೆ, ಮುಂದಿನ ಮದುವೆಯ ಮುಂಗಡದಲ್ಲಿ. ಹಳೆಯ ಯಂತ್ರವನ್ನು ಇಂಟರ್‌ನೆಟ್‌ನಿಂದ ಬಿಡಿಸಿ, ನುಡಿಯಲ್ಲಿ ಆಮಂತ್ರಣ ಟೈಪ್ ಮಾಡಲು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟಿದ್ದೇನೆ. ಈಗ ಅಲ್ಲಿ ತಂಗಿ ಕುಳಿತು ಫೆಬ್ರವರಿಯ ಉಪನಯನವೊಂದರ ಕರೆಯೋಲೆ ಬರೆಯುತ್ತಿದ್ದಾಳೆ.